ಅರ್ಜಿಯಣ್ಣನ ಎರಡು ಟನ್ ಇದ್ದಿಲು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಅರ್ಜಿಯಣ್ಣನ ಮನೆಯಲ್ಲಿ ಮುತ್ತು ಇರಲಿಲ್ಲ, ಆದ್ದರಿಂದ ಅದು ಒಡೆಯುವ ಭಯವೂ ಇರಲಿಲ್ಲ. ಮಾತು ಮಾತ್ರ ಧಾರಾಳವಾಗಿತ್ತು. ಅದನ್ನು ಅವನು ಷಡ್ಡಕನ ಮನೆಯ ಹಿತ್ತಲಲ್ಲಿ, ಕೈಯಲ್ಲಿ ಅರ್ಧ ತಿಂದ ಕೋಳಿಕಾಲು ಹಿಡಿದುಕೊಂಡು, ಎಲ್ಲರ ಎದುರು ಆಡಿಬಿಟ್ಟ.

“ಕೋಳಿಯೇನೋ ಚೆನ್ನಾಗಿದೆ ಅಣ್ಣ. ಆದ್ರೆ ಇದ್ದಿಲು ಸರಿಯಿಲ್ಲ.”

ಷಡ್ಡಕ ಅಂದರೆ ಹೆಂಡತಿಯ ಅಕ್ಕನ ಗಂಡ. ನೆಲಕ್ಕೆ ಹಾಸುವ ಟೈಲ್ಸ್ ಮಾರಿ ದೊಡ್ಡವನಾದ ಆಸಾಮಿ. ಕೋಳಿ ಸುಡುವ ಅವನ ಗ್ರಿಲ್ಲಿಗೆ ಮುಚ್ಚಳವಿತ್ತು, ಮುಚ್ಚಳದಲ್ಲಿ ಶಾಖ ತೋರಿಸುವ ಮುಳ್ಳಿತ್ತು, ಅದರ ಪಕ್ಕ ನಿಂತಾಗ ಹಾಕಿಕೊಳ್ಳಲು ಚರ್ಮದ ಏಪ್ರನ್ ಕೂಡ ಇತ್ತು. ಇಷ್ಟೆಲ್ಲ ಇರುವವನಿಗೆ ಹೋಗಿ ಇದ್ದಿಲು ಸರಿಯಿಲ್ಲ ಅಂದರೆ ಹೇಗಾಗಬೇಡ?

“ಹೌದಾ ತಮ್ಮಾ? ಏನಾಗಿದೆ ಇದ್ದಿಲಿಗೆ?”

“ಒಳ್ಳೆ ಇದ್ದಿಲು ತಟ್ಟಿದ್ರೆ ಠಣ್ ಅನ್ನಬೇಕು. ಮುರಿದ್ರೆ ಒಳಗೆ ಹೊಳೀಬೇಕು. ಮುಟ್ಟಿದ್ರೆ ಕೈಗೆ ಮಸಿ ಹತ್ತಬಾರದು. ಇದು ಪುಡಿ ಒತ್ತಿ ಮಾಡಿರೋ ಬಿಲ್ಲೆ. ಇದನ್ನ ಇದ್ದಿಲು ಅಂತ ಯಾರು ಕರೀತಾರೆ?”

ಈ ಜ್ಞಾನವೆಲ್ಲ ಅವನಿಗೆ ಅದೇ ಬೆಳಗ್ಗೆ ಬಸ್ಸಿನಲ್ಲಿ, ಹುರಿಗಡಲೆ ಕಟ್ಟಿಕೊಟ್ಟ ಹಾಳೆಯಿಂದ ಬಂದಿತ್ತು. ಒಳ್ಳೆಯ ಇದ್ದಿಲನ್ನು ಹೇಗೆ ಆಯ್ದುಕೊಳ್ಳಬೇಕು ಅನ್ನುವುದು ಹಾಳೆಯ ತುಂಬ ಇತ್ತು. ಕೊನೆಗೆ ‘ಇನ್ನು ಹೊತ್ತಿಸುವ ಕ್ರಮವೇನೆಂದರೆ’ ಅನ್ನುವಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಪುಟದಲ್ಲಿ ಬೇರೆ ಯಾರೋ ಕಡಲೆ ತಿಂದುಕೊಂಡು ಹೋಗಿದ್ದರು.

ಷಡ್ಡಕ ನಕ್ಕ. “ಹಾಗಾದ್ರೆ ಠಣ್ ಅನ್ನೋ ಇದ್ದಿಲು ನಿಮ್ಮನೇಲೇ ಒಂದ್ಸಲ ತೋರಿಸಿಬಿಡಪ್ಪ. ನಾವೂ ಕಲಿತ್ಕೋತೀವಿ.”

“ಅದಕ್ಕೇನಂತೆ! ಬರೋ ಭಾನುವಾರ ಎಲ್ಲರೂ ನಮ್ಮನೆಗೆ ಬನ್ನಿ. ಮಾವನೂ ಬರಬೇಕು.”

ಮಾವ ಹಿರಿಮಗಳ ಆ ಮನೆಯಲ್ಲೇ ಇದ್ದವರು. ಬೆತ್ತದ ಕುರ್ಚಿಯಲ್ಲಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ಎರಡು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ಟಾಗಿತ್ತು. ಅಳಿಯನ ಭಾಷಣ ಕೇಳಿ ಏನೋ ಹೇಳಲು ಬಾಯಿ ತೆರೆದರು, ಹಿರಿಮಗಳು “ಅಪ್ಪಾ, ನೀವು ಆರಾಮಾಗಿ ಕೂತ್ಕೊಳ್ಳಿ” ಅಂದಳು, ಬಾಯಿ ಮುಚ್ಚಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅರ್ಜಿಯಣ್ಣನ ಹೆಂಡತಿ ಕಿಟಕಿ ಕಡೆ ನೋಡಿಕೊಂಡೇ ಅಂದಳು. “ಸುಮ್ನಿರಲಾರದೆ ಇರುವೆ ಬಿಟ್ಕೊಂಡ್ರಲ್ಲ ರೀ. ಕರೆದಿದ್ದೀರಿ, ಸರಿ. ಏನು ಬೇಕಾದ್ರೂ ಮಾಡ್ತೀನಿ. ಇದ್ದಿಲು ಮಾತ್ರ ಬೇಡ.”

“ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ?”

“ನಂಬಿಕೆ ಮಾತಲ್ಲ ಕಣ್ರೀ. ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು. ನಮ್ಮಪ್ಪ ನಮ್ಮನೇಲಿ ಒಂದ್ಸಲನೂ ಹೊಟ್ಟೆ ತುಂಬ ಉಂಡಿಲ್ಲ. ಬರ್ತಾರೆ, ಎರಡು ತುತ್ತು ತಿಂತಾರೆ, ಸಾಕಮ್ಮ ಅಂತ ಕೈ ತೊಳೀತಾರೆ. ನನಗೆ ಎಷ್ಟು ಸಂಕಟ ಆಗುತ್ತೆ ಗೊತ್ತಾ? ಒಂದೇ ಒಂದ್ಸಲ, ಇನ್ನೊಂದು ಸ್ವಲ್ಪ ಹಾಕಮ್ಮ ಅನ್ನಬೇಕು. ಅಷ್ಟು ಸಾಕು ನನಗೆ.”

“ಅನ್ನಿಸ್ತೀನಿ ನೋಡ್ತಿರು” ಅಂದ ಅರ್ಜಿಯಣ್ಣ. ‘ಇದ್ದಿಲು ಬೇಡ’ ಅಂದಿದ್ದು ಯಾಕೆ ಅಂತ ಅವನು ಕೇಳಲಿಲ್ಲ. ಗಂಡಸರು ಕೇಳಬೇಕಾದ್ದನ್ನು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸೋಮವಾರ ಅರ್ಧ ದಿನ ರಜೆ ಹಾಕಿ ಇದ್ದಿಲು ಡಿಪೋಗೆ ಹೋದ. ಡಿಪೋದವನು ಚೀಲ ತುಂಬಿಟ್ಟಿದ್ದ. ಅರ್ಜಿಯಣ್ಣ ಅದನ್ನು ನೆಲಕ್ಕೆ ಸುರಿಸಿ, ಕುಕ್ಕರಗಾಲಲ್ಲಿ ಕೂತು, ಒಂದೊಂದೇ ತುಂಡು ಎತ್ತಿ ಕಿವಿಗೆ ಹಿಡಿದು ಮನೆ ಬೀಗದ ಕೈಯಿಂದ ತಟ್ಟಲು ಶುರು ಮಾಡಿದ.

“ಏನ್ ಸಾರ್, ಡಾಕ್ಟರಾ ನೀವು?”

“ಶ್! ಕೇಳಿಸ್ಕೊಳ್ಳೋಕೆ ಬಿಡಿ.”

ಹಿಂದೆ ಐದು ಜನ ಸಾಲು ನಿಂತರು. ಒಬ್ಬ ಹೋಟೆಲಿನವನು ಸ್ವಲ್ಪ ಹೊತ್ತು ನೋಡಿ, ಇರಲಿ ಅಂತ ತಾನೂ ಒಂದು ತುಂಡು ಕಿವಿಗೆ ಹಿಡಿದ. ಡಿಪೋದವನಿಗೆ ತಡೆಯಲಾಗಲಿಲ್ಲ. “ಸಾರ್, ಇದ್ದಿಲು ಬೇಕಾ, ಪಿಯಾನೋ ಬೇಕಾ? ಬೇಗ ಹೇಳಿ.”

ಎರಡು ಗಂಟೆಯಲ್ಲಿ ಹತ್ತತ್ತು ಕಿಲೋದ ಎರಡು ಚೀಲ ತುಂಬಿದವು. ಪ್ರತಿ ತುಂಡೂ ಪರೀಕ್ಷೆ ಪಾಸಾದದ್ದೇ. ಅವನ ಎಡಗಿವಿ ಮಾತ್ರ ಮೂರು ದಿನ ಕಪ್ಪಗೇ ಇತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ಹೇಗೋ ಆಗುತ್ತಿತ್ತು. ಆದರೆ ಅರ್ಜಿಯಣ್ಣ ಪುರಸಭೆಯ ಅರ್ಜಿ ವಿಭಾಗದ ಗುಮಾಸ್ತ. ಇಪ್ಪತ್ತೆರಡು ವರ್ಷದಿಂದ ಊರಿನ ಅರ್ಜಿಗಳನ್ನೆಲ್ಲ ತೆಗೆದುಕೊಂಡು, ಖಾಲಿ ಬಿಟ್ಟ ಕಾಲಂ ಇದ್ದರೆ ಮುಖಕ್ಕೇ ವಾಪಸ್ ಕೊಡುವ ಮನುಷ್ಯ. ಬೀದಿಯವರಿಗೆ ನಲ್ಲಿ ಬೇಕಾದರೂ, ಕಿಟಕಿ ದೊಡ್ಡದು ಮಾಡಬೇಕಾದರೂ ಇವನೇ ಅರ್ಜಿ ತುಂಬಿಕೊಡಬೇಕು. ಹೆಸರು ಬಂದದ್ದೇ ಹಾಗೆ. ಇಂಥವನು ಅನುಮತಿ ಇಲ್ಲದೆ ಹಿತ್ತಲಲ್ಲಿ ಬೆಂಕಿ ಹಾಕುವುದುಂಟೇ? ಹಳೇ ಕಪಾಟು ಹುಡುಕಿ ‘ಬಯಲಿನಲ್ಲಿ ಉರಿಸುವ ಬಗ್ಗೆ ಅನುಮತಿ ಕೋರಿ, ನಮೂನೆ ಹದಿನೇಳು’ ಅನ್ನುವುದನ್ನು ಹೊರತೆಗೆದ. ಅದನ್ನು ಆವರೆಗೆ ಯಾರೂ ಕೇಳಿಯೇ ಇರಲಿಲ್ಲ. ಇಟ್ಟಿಗೆ ಗೂಡಿನವರಿಗೆ ಅಂತ ಯಾವ ಕಾಲದಲ್ಲೋ ಅಚ್ಚು ಹಾಕಿಸಿದ್ದು.

ಉರಿಸುವ ವಸ್ತು: ಇದ್ದಿಲು. ಉದ್ದೇಶ: ಕುಟುಂಬದ ಊಟ. ಫಲಾನುಭವಿಗಳು: ಐದು ಜನ. ಪ್ರಮಾಣ: ಎರಡು.

ಪ್ರಮಾಣದ ಕಾಲಂನ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಟನ್‌ಗಳಲ್ಲಿ’ ಅಂತ ಇತ್ತು. ಊರಿನವರ ತಪ್ಪನ್ನೆಲ್ಲ ಹುಡುಕುವ ಕಣ್ಣಿಗೆ ಅದು ಬೀಳಲಿಲ್ಲ. ಅರ್ಜಿಯನ್ನು ಮೇಜಿನ ಈಚೆ ನಿಂತು ಕೊಟ್ಟ, ಆಚೆ ಹೋಗಿ ತೆಗೆದುಕೊಂಡ, ಎಲ್ಲ ಕಾಲಂ ಭರ್ತಿಯಾಗಿದೆ ಅಂತ ಖಾತ್ರಿ ಮಾಡಿಕೊಂಡು ಮುದ್ರೆ ಒತ್ತಿದ. ನಿಯಮದ ಪ್ರಕಾರ ಒಂದೊಂದು ಪ್ರತಿ ಆರೋಗ್ಯ ನಿರೀಕ್ಷಕರಿಗೆ, ಅಗ್ನಿಶಾಮಕ ಠಾಣೆಗೆ, ಅಕ್ಕಪಕ್ಕದ ಮನೆಯವರಿಗೆ ಹೋಯಿತು.

ಗುರುವಾರ ಬೆಳಗ್ಗೆ ಪಕ್ಕದ ಮನೆಯ ಕ್ಲಾರಿನೆಟ್ ಮೇಷ್ಟ್ರು ಪ್ರತಿ ಹಿಡಿದುಕೊಂಡು ಕಾಂಪೌಂಡಿನ ಮೇಲೆ ತಲೆ ಹಾಕಿದರು.

“ಅರ್ಜಿಯಣ್ಣ, ನಿಮ್ಮನೇಲಿ ಐದು ಜನರ ಊಟಕ್ಕೆ ಎರಡು ಟನ್ ಇದ್ದಿಲು ಯಾಕಪ್ಪ? ಆನೆ ಗೀನೆ ಸುಡ್ತಿದ್ದೀರಾ?”

ಅರ್ಜಿಯಣ್ಣ ಕಾಗದ ಇಸಿದುಕೊಂಡು ನೋಡಿದ. ಇರುವೆ ಅಕ್ಷರ ಈಗ ಕಂಬಳಿಹುಳುವಿನಷ್ಟು ದೊಡ್ಡದಾಗಿ ಕಂಡಿತು.

“ಮೇಷ್ಟ್ರೇ, ಅದು ಕೈತಪ್ಪು. ಎರಡು ಚೀಲ ಅಷ್ಟೇ.”

“ನನ್ನ ಶ್ವಾಸಕೋಶದ ಗತಿ ಏನು? ಊದಿ ಬದುಕೋನು ನಾನು. ಆಕ್ಷೇಪಣೆ ಹಾಕ್ತೀನಿ. ಬನ್ನಿ, ಬರೆದುಕೊಡಿ.”

ಪಾಪ, ಮೇಷ್ಟ್ರ ಆಕ್ಷೇಪಣೆಯನ್ನೂ ಅರ್ಜಿಯಣ್ಣನೇ ಬರೆದುಕೊಡಬೇಕಾಯಿತು. ಬೀದಿಯಲ್ಲಿ ಬೇರೆ ಯಾರಿಗೂ ಆ ಒಕ್ಕಣೆ ಬರುತ್ತಿರಲಿಲ್ಲ.

ಅದನ್ನೂ ಕೈಯಲ್ಲಿ ಹಿಡಿದು ಅಲ್ಲಿಂದ ನೇರ ಆರೋಗ್ಯ ನಿರೀಕ್ಷಕರ ಬಳಿಗೆ ಓಡಿದ. ಅವರು ಕಡತ ಕಟ್ಟುವ ದಾರ ಗಂಟು ಹಾಕುತ್ತಿದ್ದರು.

“ಮಂಜೂರಾಗಿದೆಯಲ್ರೀ. ಸ್ವಂತ ಇಲಾಖೆಯವನು ಅಂತ ಒಂದೇ ದಿನದಲ್ಲಿ ಮಾಡಿಸಿಕೊಟ್ಟಿದ್ದೀನಿ. ಆಕ್ಷೇಪಣೆ ಇದೆ, ಅದಕ್ಕೆ ಸ್ಥಳ ಪರಿಶೀಲನೆಗೆ ನಾನೇ ಬರ್ತೀನಿ.”

“ಸಾರ್, ಟನ್ ಅಲ್ಲ ಸಾರ್, ಚೀಲ. ತಿದ್ದಿಬಿಡಿ.”

“ಮಂಜೂರಾದ ಮೇಲೆ ತಿದ್ದೋ ಹಾಗಿಲ್ಲ. ಯಾರು ಮಾಡಿದ ನಿಯಮ ಅದು?”

ಅರ್ಜಿಯಣ್ಣ ತಲೆ ಕೆರೆದುಕೊಂಡ. ಆರು ವರ್ಷದ ಹಿಂದೆ ಆ ಸುತ್ತೋಲೆಯ ಕರಡು ಬರೆದು, ಅಚ್ಚುಕಟ್ಟಾಗಿದೆ ಅಂತ ಬೆನ್ನು ತಟ್ಟಿಸಿಕೊಂಡವನು ಅವನೇ. ಮಾಡಿದ್ದುಣ್ಣೋ ಮಹರಾಯ.

ಶನಿವಾರ ಸಂಜೆ ಅವನು ಮಾಡಿದ ಇನ್ನೊಂದು ಕೆಲಸ ಹೇಳದೆ ಮುಂದೆ ಹೋಗುವ ಹಾಗಿಲ್ಲ. ‘ಕೈಗೆ ಮಸಿ ಹತ್ತಬಾರದು’ ಅಂತ ಹಾಳೆಯಲ್ಲಿತ್ತು. ಇವನ ಇದ್ದಿಲು ಠಣ್ ಅನ್ನುತ್ತಿತ್ತು, ಹೊಳೆಯುತ್ತಿತ್ತು, ಆದರೆ ಮಸಿ ಮಾತ್ರ ಧಾರಾಳವಾಗಿ ಹತ್ತುತ್ತಿತ್ತು. ಷಡ್ಡಕ ಮುಟ್ಟಿ ನೋಡಿದರೆ ಮಾನ ಹೋಗುವುದಿಲ್ಲವೇ? ಹೆಂಡತಿ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ, ಬಚ್ಚಲ ಬಾಗಿಲು ಹಾಕಿಕೊಂಡು, ಒಂದು ಚೀಲ ಇದ್ದಿಲನ್ನು ಸೋಪಿನ ಪುಡಿ ಹಾಕಿ ಚೆನ್ನಾಗಿ ತೊಳೆದ. ಎರಡನೇ ಚೀಲದ ಹೊತ್ತಿಗೆ ಸೋಪಿನ ಪುಡಿ ಮುಗಿಯಿತು. ತೊಳೆದದ್ದನ್ನು ತಾರಸಿಯಲ್ಲಿ ಹರವಿ, ಮತ್ತೆ ಬಂದು ಬಚ್ಚಲು ತೊಳೆದ. ಬಚ್ಚಲಿಗೇ ಹೆಚ್ಚು ಹೊತ್ತು ಹಿಡಿಯಿತು.

ಭಾನುವಾರ ಹನ್ನೊಂದು ಗಂಟೆಗೆ ಷಡ್ಡಕ, ಅತ್ತಿಗೆ, ಮಾವ ಕಾರಿನಲ್ಲಿ ಬಂದಿಳಿದರು. ಕಾರು ನಿಲ್ಲಿಸಲು ಜಾಗವಿರಲಿಲ್ಲ. ಮನೆ ಮುಂದೆ ಕೆಂಪು ಬಣ್ಣದ ಅಗ್ನಿಶಾಮಕ ಗಾಡಿ ನಿಂತಿತ್ತು.

“ಅಯ್ಯಯ್ಯೋ, ಏನಾಯ್ತು?” ಅಂತ ಅತ್ತಿಗೆ ಓಡಿ ಬಂದಳು.

“ಏನೂ ಆಗಿಲ್ಲ ಅತ್ತಿಗೆ. ಒಂದು ಟನ್ ಮೀರಿದ್ರೆ ಗಾಡಿ ಹಾಜರಿರಬೇಕು, ನಿಯಮ” ಅಂದ ಅರ್ಜಿಯಣ್ಣ.

ಹಿತ್ತಲಲ್ಲಿ ಬಾಡಿಗೆಗೆ ತಂದ ಗ್ರಿಲ್ಲು, ಅದರೆದುರು ಒಂದು ಸಾಲು ಕುರ್ಚಿ. ಒಂದರಲ್ಲಿ ಕಡತ ಹಿಡಿದ ಆರೋಗ್ಯ ನಿರೀಕ್ಷಕರು. ಕಾಂಪೌಂಡಿನಾಚೆ ಸ್ಟೂಲು ಹಾಕಿಕೊಂಡು ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡ ಕ್ಲಾರಿನೆಟ್ ಮೇಷ್ಟ್ರು. ಮಾವನನ್ನು ಎಲ್ಲಕ್ಕಿಂತ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಲಾಯಿತು. ಮೇಜಿನ ಮೇಲೆ ಮಸಾಲೆ ಸವರಿದ ಕೋಳಿ, ಜೋಳದ ತೆನೆ, ಇಡಿ ಇಡಿ ಈರುಳ್ಳಿ, ಆಲೂಗಡ್ಡೆ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ. ಅವಳ ಕಣ್ಣು ಇದ್ದಿಲ ಮೇಲಿರಲಿಲ್ಲ, ಅಪ್ಪನ ಮೇಲಿತ್ತು.

ಅರ್ಜಿಯಣ್ಣ ತೊಳೆದ ಇದ್ದಿಲನ್ನು ತಟ್ಟೆಯಲ್ಲಿಟ್ಟು ಎಲ್ಲರ ಮುಂದೆ ಹಿಡಿದ. “ಮುಟ್ಟಿ ನೋಡಿ ಅಣ್ಣ. ಮಸಿ ಹತ್ತುತ್ತಾ?”

ಹತ್ತಲಿಲ್ಲ. ಷಡ್ಡಕ ಬೆರಳು ಮೂಸಿ ನೋಡಿ, “ಮಲ್ಲಿಗೆ ವಾಸನೆ ಬರ್ತಿದೆಯಲ್ಲೋ” ಅಂದ.

“ಒಳ್ಳೆ ಮರದ್ದು” ಅಂದ ಅರ್ಜಿಯಣ್ಣ. ಆಮೇಲೆ ಮಾವನ ಪಕ್ಕ ಕೂತು ಅರ್ಧ ಗಂಟೆ ಇದ್ದಿಲಿನ ಪಾಠ ಮಾಡಿದ. ತಟ್ಟುವುದು, ಮುರಿಯುವುದು, ತೂಗಿ ನೋಡುವುದು, ಒಂದನ್ನೂ ಬಿಡಲಿಲ್ಲ. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ ಅಂತ ಗಾದೆ ಇದೆಯಲ್ಲ, ಅದು ಆ ಹಿತ್ತಲಲ್ಲಿ ಅಂದು ಕಣ್ಣೆದುರೇ ನಡೆಯುತ್ತಿತ್ತು. ಮಾವ ಒಮ್ಮೆ “ಹೂಂ” ಅಂದರು, ಒಮ್ಮೆ “ಹೌದಾ?” ಅಂದರು. ಅವರ ಬೆರಳುಗಳು ಮಾತ್ರ ಮೊಣಕಾಲಿನ ಮೇಲೆ ಸುಮ್ಮನಿರದೆ ಏನನ್ನೋ ಕೆದಕುತ್ತಿದ್ದವು.

ಹನ್ನೆರಡಕ್ಕೆ ಕಡ್ಡಿ ಗೀರಿದ. ಕಡ್ಡಿ ಉರಿಯಿತು, ಇದ್ದಿಲು ಉರಿಯಲಿಲ್ಲ. ಕಾಗದ ತುರುಕಿದ. ಕಾಗದ ಉರಿಯಿತು. ಒಂದು ಕಡ್ಡಿಪೆಟ್ಟಿಗೆ ಮುಗಿದು ಇನ್ನೊಂದು ಬಂತು. ಅಡುಗೆ ಎಣ್ಣೆ ಹಾಕಿದರೆ ಒಂದಿಷ್ಟು ಹೊಗೆ ಎದ್ದಿತು. ಮೇಷ್ಟ್ರು ಟವೆಲ್ ಬಿಗಿ ಮಾಡಿಕೊಂಡರು, ನಿರೀಕ್ಷಕರು ಪೆನ್ನು ತೆಗೆದರು, ಹೊಗೆ ಹೋಯಿತು, ನಿರೀಕ್ಷಕರು ಪೆನ್ನು ಮುಚ್ಚಿದರು. ಇದ್ದಿಲು ಚಿಟಿಚಿಟಿ ಅಂತು, ನೊರೆ ಬಿಟ್ಟಿತು, ಸುಮ್ಮನಾಯಿತು.

ಅಗ್ನಿಶಾಮಕದ ಡ್ರೈವರ್ ಒಳಗೆ ಇಣುಕಿದ. “ಸಾರ್, ಬೆಂಕಿ ಎಷ್ಟೊತ್ತಿಗೆ? ಎರಡಕ್ಕೆ ನನ್ನ ಡ್ಯೂಟಿ ಮುಗಿಯುತ್ತೆ.”

“ಬೆಂಕಿ ಕಣ್ಣಾರೆ ಕಾಣದೆ ನಾನು ವರದಿ ಬರೆಯೋ ಹಾಗಿಲ್ಲ” ಅಂದರು ನಿರೀಕ್ಷಕರು. ಅವರಿಗೂ ಹಸಿವಾಗಿತ್ತು.

“ಬಿಲ್ಲೆ ತರಿಸ್ಲಾ ತಮ್ಮಾ? ಕಾರಲ್ಲಿದೆ” ಅಂದ ಷಡ್ಡಕ, ತುಂಬ ಮೃದುವಾಗಿ.

ಒಂದೂವರೆಗೆ ಕ್ಲಾರಿನೆಟ್ ಮೇಷ್ಟ್ರಿಗೇ ತಡೆಯಲಾಗಲಿಲ್ಲ. ಟವೆಲ್ ಬಿಚ್ಚಿ ಕಾಂಪೌಂಡು ಹಾರಿ ಬಂದು, “ಸರೀರಿ, ಊದೋದು ನನ್ನ ಕಸುಬು” ಅಂತ ಬಗ್ಗಿ ಊದಿದರು. ಬೂದಿಯೆಲ್ಲ ಹೋಗಿ ನಿರೀಕ್ಷಕರ ಕಡತದ ಮೇಲೆ ಕೂತಿತು.

ಅರ್ಜಿಯಣ್ಣ ಬೆವರಿ ನೀರಾಗಿದ್ದ. ಹೆಂಡತಿ ಕಡೆ ನೋಡುವ ಧೈರ್ಯ ಬರಲಿಲ್ಲ. ಷಡ್ಡಕನ ನಗು ಹಾಳಾಗಿ ಹೋಗಲಿ, ಅವಳು ಹದಿನಾಲ್ಕು ವರ್ಷದಲ್ಲಿ ಕೇಳಿದ್ದು ಒಂದೇ ಒಂದು, ಅದೂ ತನ್ನ ಬಾಯಿಂದ ಹಾಳಾಯಿತಲ್ಲ. ಕೊನೆಗೆ ಗಟ್ಟಿ ಮನಸ್ಸು ಮಾಡಿ ಅಂದ, “ಸೀಮೆಎಣ್ಣೆ ಇದೆ. ಸುರಿದುಬಿಡ್ತೀನಿ.”

“ಸೀಮೆಎಣ್ಣೆ ಬೇಡ!”

ಎಲ್ಲರೂ ಬೆಚ್ಚಿ ತಿರುಗಿದರು. ಮಾವ ಎದ್ದು ನಿಂತಿದ್ದರು.

“ತಿನ್ನೋ ಪದಾರ್ಥ ಎಲ್ಲ ನಾರುತ್ತೆ. ಸರಿಯಿರಿ ಅಳಿಯಂದ್ರೇ.” ಅಂಗಿಯ ತೋಳು ಮಡಚಿದರು.

“ಅಪ್ಪಾ, ಆರಾಮಾಗಿ ಕೂತ್ಕೊಳ್ಳಿ” ಅಂದಳು ಹಿರಿಮಗಳು.

“ಆರಾಮಾಗಿ ಕೂತು ಕೂತು ಸಾಕಾಗಿದೆ, ಸುಮ್ನಿರಮ್ಮ.” ಒಂದು ತುಂಡು ಎತ್ತಿ ಅಂಗೈಯಲ್ಲಿ ತೂಗಿದರು. ಮೂಸಿದರು. ಹುಬ್ಬು ಮೇಲೆ ಹೋಯಿತು. “ಇದನ್ನ ತೊಳೆದಿದ್ದು ಯಾರು?”

ಅರ್ಜಿಯಣ್ಣ ಶಾಲೆ ಮಕ್ಕಳ ಹಾಗೆ ಕೈ ಎತ್ತಿದ.

“ಸೋಪು ಹಾಕಿ?”

“ಸ್ವಲ್ಪ ಹಾಕಿದ್ದೆ ಮಾವ.”

ಷಡ್ಡಕ ಕುರ್ಚಿಯಿಂದ ಬೀಳುವುದೊಂದು ಬಾಕಿ. ಮಾವ ಮಾತ್ರ ನಗಲಿಲ್ಲ. “ಹೊರಗೆ ಒಣಗಿದೆ, ಒಳಗೆಲ್ಲ ನೀರು. ಇನ್ನೊಂದು ಚೀಲ ಇದೆಯಾ?”

“ಇದೆ. ಸೋಪು ಮುಗಿದಿತ್ತು.”

“ದೇವರು ದೊಡ್ಡವನು” ಅಂದರು ಮಾವ.

ಹಳೇ ಪೇಂಟ್ ಡಬ್ಬಿ, ಮೊಳೆ, ಸುತ್ತಿಗೆ ಕೇಳಿದರು. ಡಬ್ಬಿಯ ತಳ ತೆಗೆಸಿ ಅಲ್ಲಿ ತಂತಿ ಹೆಣೆದರು, ಕೆಳಗೆ ಸುತ್ತಲೂ ತೂತು ಹೊಡೆದರು. ಡಬ್ಬಿಯಡಿ ಕಾಗದದ ಉಂಡೆ, ತಂತಿಯ ಮೇಲೆ ಮೊದಲು ಸಣ್ಣ ಇದ್ದಿಲು, ಆಮೇಲೆ ದೊಡ್ಡದು. ಗಾಳಿ ಆಡಲು ನಡುವೆ ಸಂದು. ಒಂದೇ ಕಡ್ಡಿ ಗೀರಿ ಅಡಿಯಿಂದ ಇಟ್ಟರು.

“ಈಗ ಯಾರೂ ಮುಟ್ಟಬೇಡಿ. ಮೇಷ್ಟ್ರೇ, ನೀವೂ ಊದಬೇಡಿ. ಅದರ ಪಾಡಿಗೆ ಇಪ್ಪತ್ತು ನಿಮಿಷ ಬಿಡಿ.”

ಇಪ್ಪತ್ತು ನಿಮಿಷದಲ್ಲಿ ಡಬ್ಬಿಯ ಬಾಯಲ್ಲಿ ಕೆಂಪು ಕಂಡಿತು. ಇದ್ದಿಲ ಅಂಚು ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಮಾವ ಬಟ್ಟೆ ಸುತ್ತಿದ ಇಕ್ಕಳದಲ್ಲಿ ಡಬ್ಬಿ ಎತ್ತಿ ಗ್ರಿಲ್ಲಿಗೆ ಸುರಿದರು. ನಿಗಿನಿಗಿ ಕೆಂಡ. ಅಗ್ನಿಶಾಮಕದ ಡ್ರೈವರ್ ಚಪ್ಪಾಳೆ ತಟ್ಟಿದ. ಆ ಕೆಲಸದಲ್ಲಿ ಬೆಂಕಿ ನೋಡಿ ಖುಷಿಯಾದದ್ದು ಅವನಿಗೆ ಅದೇ ಮೊದಲು.

“ಮಾವ, ಬಟ್ಟೆ ವ್ಯವಹಾರದಲ್ಲಿದ್ದವರು ಇದನ್ನೆಲ್ಲ ಎಲ್ಲಿ ಕಲಿತ್ರಿ?” ಅರ್ಜಿಯಣ್ಣ ಬಾಯಿ ಬಿಟ್ಟುಕೊಂಡು ಕೇಳಿದ.

ಷಡ್ಡಕ ಆಕಾಶ ನೋಡಿದ. ಅತ್ತಿಗೆ ಸೆರಗು ಸರಿ ಮಾಡಿಕೊಂಡಳು. ಬಟ್ಟೆ ವ್ಯವಹಾರ ಅನ್ನುವುದು ಮದುವೆ ಮಾತುಕತೆಯಲ್ಲಿ ಷಡ್ಡಕ ಹೇಳಿದ ಮಾತು.

“ಬಟ್ಟೆ ವ್ಯವಹಾರ ಅಂದ್ರೆ ಏನಂದ್ಕೊಂಡಿದ್ರಿ?”

“ಬಟ್ಟೆ ಅಂಗಡಿ...”

“ಇಸ್ತ್ರಿ ಅಂಗಡಿ ಅಳಿಯಂದ್ರೇ. ನಲವತ್ತೊಂದು ವರ್ಷ. ದಿನಾ ಬೆಳಗಾದ್ರೆ ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ಹೊತ್ತಿಸಿದ ಕೈ ಇದು.” ಮಸಿಯಾದ ಅಂಗೈ ಚಾಚಿ ತೋರಿಸಿದರು. ಮುಖದಲ್ಲಿ ನಾಚಿಕೆಯ ಲವಲೇಶವೂ ಇರಲಿಲ್ಲ.

ಅರ್ಜಿಯಣ್ಣ ಹೆಂಡತಿ ಕಡೆ ತಿರುಗಿದ. “ನೀನಾದ್ರೂ ಹೇಳಬಾರದಿತ್ತಾ?”

“ಹದಿನಾಲ್ಕು ವರ್ಷದಲ್ಲಿ ನೀವು ಕೇಳಿದ್ರಾ?”

ಕೇಳಿರಲಿಲ್ಲ. ತಂದೆಯ ಉದ್ಯೋಗಕ್ಕೆ ಎಲ್ಲ ಅರ್ಜಿಯಲ್ಲೂ ಕಾಲಂ ಇದೆ. ಮಾವನ ಉದ್ಯೋಗಕ್ಕೆ ಯಾವ ನಮೂನೆಯಲ್ಲೂ ಇಲ್ಲ.

“ಅದಕ್ಕೇ ಇದ್ದಿಲು ಬೇಡ ಅಂದಿದ್ದು ನಾನು” ಅಂದಳು, ಕಣ್ಣು ತುಂಬಿಕೊಂಡು. “ನಲವತ್ತು ವರ್ಷ ಮಸಿ ಮುಟ್ಟಿದ ಕೈ ಅಪ್ಪನದು. ನಮ್ಮನೇಲೂ ಮುಟ್ಟಬೇಕಾ ಅಂತ.”

“ಹುಚ್ಚಿ” ಅಂದರು ಅಪ್ಪ, ಕೋಳಿ ಮಗುಚುತ್ತ. “ಎಲ್ಲಿ ಹೋದ್ರೂ ಮೆತ್ತನೆ ಕುರ್ಚಿ ಕೊಟ್ಟು ಕೂರಿಸ್ತೀರಿ, ಕೈಗೆ ತಟ್ಟೆ ಕೊಡ್ತೀರಿ. ಸುಮ್ನೆ ಕೂತವನಿಗೆ ಹಸಿವು ಎಲ್ಲಿಂದ ಬರಬೇಕಮ್ಮ?”

ಮೂರು ಗಂಟೆಗೆ ಊಟ ಆಯಿತು. ನಿರೀಕ್ಷಕರು ಕೂತು ತಿಂದರು, ಡ್ಯೂಟಿ ಮುಗಿದರೂ ಹೋಗದ ಅಗ್ನಿಶಾಮಕದವರು ನಿಂತು ತಿಂದರು, ಮೇಷ್ಟ್ರು ಆಕ್ಷೇಪಣೆ ವಾಪಸ್ ತಗೊಂಡು ಎರಡು ತೆನೆ ತಿಂದರು. ಮಾವ ಗ್ರಿಲ್ಲಿನ ಪಕ್ಕ ಮಣೆ ಹಾಕಿಕೊಂಡು ಕೂತು ಒಂದು ತಟ್ಟೆ ಮುಗಿಸಿದರು. ಎರಡನೆಯದೂ ಮುಗಿಯಿತು. ಆಮೇಲೆ ತಟ್ಟೆ ಮುಂದೆ ಚಾಚಿ, “ಇನ್ನೊಂದು ಸ್ವಲ್ಪ ಹಾಕಮ್ಮ” ಅಂದರು.

ಅವಳು ಹಾಕಿದಳು. ಹಾಕಿ, ಉಪ್ಪು ತರ್ತೀನಿ ಅಂತ ಒಳಗೆ ಹೋದವಳು ಸ್ವಲ್ಪ ಹೊತ್ತು ಬರಲೇ ಇಲ್ಲ. ಉಪ್ಪಿನ ಡಬ್ಬಿ ಅವಳ ಕೈಯಲ್ಲೇ ಇತ್ತು.

ಕೈ ಒರೆಸಿಕೊಂಡು ನಿರೀಕ್ಷಕರು ಕಡತ ಬಿಚ್ಚಿದರು. “ಮಂಜೂರಾದ ಪ್ರಮಾಣ ಎರಡು ಟನ್. ಉರಿದದ್ದು ಹತ್ತು ಕಿಲೋ. ತೊಳೆದದ್ದು ಲೆಕ್ಕಕ್ಕಿಲ್ಲ. ಅರ್ಜಿಯಣ್ಣ, ಮಂಜೂರಾದದ್ದು ಪೂರ್ತಿ ಆಗೋ ತನಕ ಕಡತ ಮುಚ್ಚೋ ಹಾಗಿಲ್ಲ, ಗೊತ್ತಲ್ಲ?”

ಗೊತ್ತಿತ್ತು. ಅದೂ ಅವನದೇ ಕರಡು. ಮುಖ ಸಣ್ಣದು ಮಾಡಿಕೊಂಡು, “ಸಾವಿರದ ಒಂಬೈನೂರ ತೊಂಬತ್ತು ಕಿಲೋ ಉಳೀತು ಸಾರ್” ಅಂದ.

“ಭಾನುವಾರಕ್ಕೆ ಹತ್ತರ ಹಾಗೆ ಎಷ್ಟು ಭಾನುವಾರ ಬೇಕು?” ಕೇಳಿದವರು ಮಾವ.

“ನೂರ ತೊಂಬತ್ತೊಂಬತ್ತು.”

ಮಾವ ಕೆಂಡದ ಮೇಲೆ ಬೂದಿ ಮುಚ್ಚಿದರು, ಮಸಿಕೈಯನ್ನು ಪಂಚೆಗೇ ಒರೆಸಿಕೊಂಡರು, ಬಾಗಿಲಲ್ಲಿ ಉಪ್ಪಿನ ಡಬ್ಬಿ ಹಿಡಿದು ನಿಂತಿ‌ದ್ದ ಮಗಳನ್ನು ನೋಡಿದರು.

“ನನಗೇನು ಬೇರೆ ಕೆಲಸ ಇದೆ? ಬರ್ತೀನಿ ಅಳಿಯಂದ್ರೇ. ನೀವು ಮಾತ್ರ ತೊಳೀಬೇಡಿ.”